ವಿಟಮಿನ್ ಡಿ, ವಂಶವಾಹಿಗಳ ವ್ಯತ್ಯಾಸ ಮತ್ತು ಅಲರ್ಜಿ ಕಾಯಿಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಉಬ್ಬಸ, ಇಸುಬು, ಬೆಳಗಾದರೆ ನಿಲ್ಲದ ಸೀನು, ಆಹಾರದ ಅಲರ್ಜಿ ಇವುಗಳ ಮಾತು ಬಂದಲ್ಲೆಲ್ಲ ಈಗ ವಿಟಮಿನ್ ಡಿಯ ಹೆಸರೂ ಬರುತ್ತದೆ. ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಲ್ಲಿ ಕೊಡಲಾಗಿದೆ. ಸರಳವಾದವು ಮೊದಲು, ವಂಶವಾಹಿಗಳ ಸೂಕ್ಷ್ಮ ಚರ್ಚೆ ಕೊನೆಗೆ. ನಿಮ್ಮ ಅಥವಾ ನಿಮ್ಮ ಮಗುವಿನ ಔಷಧಿಯಲ್ಲಿ ಬದಲಾವಣೆ ಮಾಡಬೇಕೆನಿಸಿದರೆ, ಅದನ್ನು ಚಿಕಿತ್ಸೆ ಕೊಡುತ್ತಿರುವ ವೈದ್ಯರೊಡನೆ ಮಾತಾಡಿಯೇ ಮಾಡಬೇಕು.

## ಮೊದಲ ತಿಳಿವಳಿಕೆ

ವಿಟಮಿನ್ ಡಿ ಮೂಳೆಗೆ ಬೇಕು ಎಂದು ಕೇಳಿದ್ದೇವೆ. ಅದಕ್ಕೂ ಸೀನು, ಉಬ್ಬಸಕ್ಕೂ ಏನು ಸಂಬಂಧ?

ವಿಟಮಿನ್ ಡಿ ದೇಹದಲ್ಲಿ ಎರಡು ಹಂತಗಳನ್ನು ದಾಟಿದ ಮೇಲೆ ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ಬಿಸಿಲಿನ ಅತಿನೇರಳೆ-ಬಿ ಕಿರಣಗಳು ಚರ್ಮದಲ್ಲಿರುವ ಕೊಲೆಸ್ಟೆರಾಲ್ ಜಾತಿಯ ಒಂದು ವಸ್ತುವನ್ನು ವಿಟಮಿನ್ ಡಿ3 ಆಗಿ ಮಾರ್ಪಡಿಸುತ್ತವೆ. ಯಕೃತ್ತು ಅದನ್ನು 25-ಹೈಡ್ರಾಕ್ಸಿ ವಿಟಮಿನ್ ಡಿ ಮಾಡುತ್ತದೆ. ಮೂತ್ರಪಿಂಡ ಅದಕ್ಕೆ ಕೊನೆಯ ಸಕ್ರಿಯ ರೂಪ ಕೊಡುತ್ತದೆ. ರಕ್ತಪರೀಕ್ಷೆಯಲ್ಲಿ ಅಳೆಯುವುದು ನಡುವಿನ ರೂಪವನ್ನು.

ಈ ಕೊನೆಯ ಹಂತವನ್ನು ಪೂರೈಸುವ ಕಿಣ್ವ ಮೂತ್ರಪಿಂಡದಲ್ಲಿ ಮಾತ್ರವಲ್ಲದೆ ಶ್ವಾಸನಾಳದ ಒಳಪದರದಲ್ಲೂ ರೋಗನಿರೋಧಕ ಜೀವಕಣಗಳಲ್ಲೂ ಇದೆ. ಸಕ್ರಿಯ ವಿಟಮಿನ್ ಡಿಯನ್ನು ಹಿಡಿದುಕೊಳ್ಳುವ ಗ್ರಾಹಕ, ಅಂದರೆ ವಿಡಿಆರ್ ಎಂಬ ಪ್ರೋಟೀನು ಕೂಡ ಆ ಕಣಗಳಲ್ಲಿದೆ. ಪ್ರಯೋಗಾಲಯದಲ್ಲಿ ಈ ಕಣಗಳಿಗೆ ಸಕ್ರಿಯ ವಿಟಮಿನ್ ಡಿ ಕೊಟ್ಟಾಗ, ಉರಿಯೂತವನ್ನು ಹತೋಟಿಯಲ್ಲಿಡುವ ಕಣಗಳು ಚುರುಕಾಗುವುದು, ಸೋಂಕಿನ ವಿರುದ್ಧ ಹೋರಾಡುವ ಕ್ಯಾಥೆಲಿಸಿಡಿನ್ ಎಂಬ ವಸ್ತು ಹೆಚ್ಚು ತಯಾರಾಗುವುದು ಕಂಡುಬಂದಿದೆ. ಹೀಗಾಗಿ ಸಂಬಂಧವಿರಬಹುದೆಂಬ ಊಹೆಗೆ ಗಟ್ಟಿಯಾದ ಆಧಾರವಿದೆ. ಆದರೆ ಗಾಜಿನ ತಟ್ಟೆಯಲ್ಲಿನ ಕಣಗಳಿಂದ ಮನುಷ್ಯನ ಕಾಯಿಲೆಯವರೆಗಿನ ದಾರಿ ಬಹಳ ದೂರದ್ದು.

ರಿಪೋರ್ಟಿನಲ್ಲಿ ಮಗಳಿಗೆ ವಿಟಮಿನ್ ಡಿ 11 ಎಂದು ಬಂದಿದೆ. ಅವಳ ಉಬ್ಬಸಕ್ಕೆ ಇದೇ ಕಾರಣ ಅಲ್ಲವೇ?

ಹಾಗೆ ಹೇಳಲು ಬರುವುದಿಲ್ಲ. ಒಂದು ಮಿಲಿಲೀಟರ್ ರಕ್ತದ ಸೀರಂನಲ್ಲಿ 11 ನ್ಯಾನೊಗ್ರಾಂ ಎಂಬುದು ಮಕ್ಕಳ ಮಟ್ಟಿಗೆ ಕೊರತೆಯೇ ಸರಿ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 12ಕ್ಕಿಂತ ಕೆಳಗಿನದನ್ನು ಕೊರತೆಯೆಂದೂ 20ರ ಮೇಲಿನದನ್ನು ಸಾಕಷ್ಟೆಂದೂ ಪರಿಗಣಿಸುತ್ತದೆ. ಆದ್ದರಿಂದ ಅವಳ ಮೂಳೆಗಳ ಹಿತಕ್ಕಾಗಿ ಆ ಕೊರತೆಯನ್ನು ತುಂಬಲೇಬೇಕು. ಅದನ್ನು ತುಂಬಿದೊಡನೆ ಉಬ್ಬಸ ಹೋಗುತ್ತದೆಂದು ನಿರೀಕ್ಷಿಸುವುದು ಬೇರೆಯೇ ಮಾತು.

ಇಲ್ಲಿ ತಾಯಂದಿರು ಗಮನಿಸಬೇಕಾದ ಸಂಗತಿಯೊಂದಿದೆ. ಉಬ್ಬಸವಿರುವ ಮಗುವನ್ನು ಧೂಳು, ಚಳಿ, ಓಟ ಎಂದು ಹೆದರಿ ಮನೆಯೊಳಗೇ ಇರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಆಟಕ್ಕೆ ಹೋಗದ ಮಗುವಿಗೆ ಬಿಸಿಲು ತಾಗುವುದಿಲ್ಲ, ಮೈತೂಕವೂ ಏರಬಹುದು. ಮೈತೂಕ ಹೆಚ್ಚಾದವರಲ್ಲಿ ರಕ್ತದ ವಿಟಮಿನ್ ಡಿ ಕಡಿಮೆ ಕಾಣುವುದು ತಿಳಿದ ವಿಷಯ. ಹೀಗೆ ಕಾಯಿಲೆಯೇ ಕೊರತೆಯನ್ನು ತಂದಿರಲೂ ಸಾಧ್ಯ. ಎರಡೂ ಒಟ್ಟಿಗೆ ಕಂಡಾಗ ಯಾವುದು ಮೊದಲು ಬಂತೆಂದು ಒಂದೇ ರಕ್ತಪರೀಕ್ಷೆಯಿಂದ ತಿಳಿಯದು.

ನಮ್ಮಲ್ಲಿ ಇಷ್ಟೊಂದು ಬಿಸಿಲಿದೆ, ಮಗುವನ್ನು ದಿನಾ ಎಳೆಬಿಸಿಲಿಗೂ ಹಿಡಿದಿದ್ದೇವೆ. ಆದರೂ ಕಡಿಮೆ ಎಂದೇ ಬರುತ್ತದಲ್ಲ?

ಎಣ್ಣೆ ಹಚ್ಚಿ, ನೀರು ಹಾಕಿ, ಕೂಸನ್ನು ಎಳೆಬಿಸಿಲಿಗೆ ಒಡ್ಡುವ ಪದ್ಧತಿ ಮಗುವನ್ನು ಬೆಚ್ಚಗಿಡಲು ಒಳ್ಳೆಯದು. ವಿಟಮಿನ್ ಡಿ ತಯಾರಾಗಲು ಬೇಕಾದ ಅತಿನೇರಳೆ-ಬಿ ಕಿರಣಗಳು ಮಾತ್ರ ಸೂರ್ಯ ತಗ್ಗಿನಲ್ಲಿರುವಾಗ ವಾತಾವರಣವನ್ನು ದಾಟಿ ಬರುವುದು ತೀರ ಕಡಿಮೆ. ಬೆಂಗಳೂರಿನ ಅಕ್ಷಾಂಶಕ್ಕೆ ಸಮೀಪದಲ್ಲೇ ಇರುವ ತಿರುಪತಿಯಲ್ಲಿ ನಡೆದ ಅಧ್ಯಯನಗಳಲ್ಲಿ, ಚರ್ಮದಲ್ಲಿ ವಿಟಮಿನ್ ಡಿ ಚೆನ್ನಾಗಿ ತಯಾರಾಗುವುದು ಬೆಳಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ ಎಂದು ಕಂಡುಬಂತು. ಆ ಹೊತ್ತಿನಲ್ಲಿ ನಮ್ಮ ಮಕ್ಕಳು ತರಗತಿಯಲ್ಲೂ ದೊಡ್ಡವರು ಕಚೇರಿಯಲ್ಲೂ ಇರುತ್ತಾರೆ. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ, ಮೈತುಂಬಾ ಬಟ್ಟೆಯೂ ತಡೆಯುತ್ತದೆ, ಹೊಗೆ-ಧೂಳು ತುಂಬಿದ ಗಾಳಿಯೂ ಒಂದಿಷ್ಟು ತಡೆಯುತ್ತದೆ; ಗೋಧಿಬಣ್ಣದ ಅಥವಾ ಕಪ್ಪು ಚರ್ಮಕ್ಕೆ ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಹಾಗೆಂದು ಎಳೆಗೂಸನ್ನು ನಡುಹಗಲಿನ ಬಿಸಿಲಿಗೆ ಹಿಡಿಯಬಾರದು. ಮೊದಲ ವರ್ಷ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಹನಿಗಳನ್ನು ಹಾಕಬೇಕೆಂದು ಮಕ್ಕಳ ವೈದ್ಯರು ಹೇಳುವುದು ಈ ಕಾರಣಕ್ಕೇ.

ನಾವು ಸಸ್ಯಾಹಾರಿಗಳು. ಊಟದಿಂದ ಎಷ್ಟು ಸಿಗುತ್ತದೆ?

ಬಹಳ ಸ್ವಲ್ಪ. ಕರಾವಳಿಯವರಿಗೆ ಭೂತಾಯಿ, ಬಂಗುಡೆಯಂಥ ಕೊಬ್ಬಿನ ಮೀನುಗಳಿಂದ ಸಿಗುತ್ತದೆ. ಮೊಟ್ಟೆಯ ಹಳದಿಯಲ್ಲಿ ಅಲ್ಪಸ್ವಲ್ಪವಿದೆ. ರಾಗಿಯಲ್ಲಿ ಇರುವುದು ಸುಣ್ಣದ ಅಂಶ, ವಿಟಮಿನ್ ಡಿ ಅಲ್ಲ. ‘+ಎಫ್’ ಗುರುತಿರುವ ಹಾಲಿಗೆ ಪ್ರತಿ ಲೀಟರಿಗೆ 5ರಿಂದ 7.5 ಮೈಕ್ರೊಗ್ರಾಂ, ಅಂದರೆ 200ರಿಂದ 300 ಐಯು ಬೆರೆಸಿರುತ್ತಾರೆ. ವಯಸ್ಕರಿಗೆ ದಿನಕ್ಕೆ 600 ಐಯು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ಹೇಳುವುದರಿಂದ, ಎರಡು ಲೋಟ ಹಾಲು ಇದರಲ್ಲಿ ಚಿಕ್ಕ ಪಾಲನ್ನಷ್ಟೇ ತುಂಬುತ್ತದೆ. ಮಾತ್ರೆಗಳಲ್ಲಿನ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಅದು ಬೇಡವೆನ್ನುವವರಿಗೆ ಶಿಲೀಂಧ್ರದಿಂದ ತಯಾರಾದ ಡಿ2 ಇದೆ.

## ವಂಶವಾಹಿಗಳ ಪಾಲು

ಒಂದೇ ಮನೆ, ಒಂದೇ ಊಟ, ಒಂದೇ ಶಾಲೆ. ಅಣ್ಣನಿಗೆ 28, ತಮ್ಮನಿಗೆ 13. ಇದು ಹೇಗೆ ಸಾಧ್ಯ?

ಇದಕ್ಕೆ ಒಂದು ಕಾರಣ ವಂಶವಾಹಿಗಳಲ್ಲಿನ, ಅಂದರೆ ಜೀನುಗಳಲ್ಲಿನ ಸಣ್ಣ ವ್ಯತ್ಯಾಸ. ಜೀನು ಎಂಬುದು ಒಂದು ಪ್ರೋಟೀನನ್ನು ಹೇಗೆ ತಯಾರಿಸಬೇಕೆಂಬ ಬರಹ. ಆ ಬರಹದಲ್ಲಿ ಒಂದು ಅಕ್ಷರ ಒಬ್ಬರಲ್ಲಿ ಒಂದು, ಇನ್ನೊಬ್ಬರಲ್ಲಿ ಇನ್ನೊಂದು ಇರಬಹುದು. ಇಂಥ ವ್ಯತ್ಯಾಸಗಳು ಬಹುಪಾಲು ರೋಗವಲ್ಲ, ನಮ್ಮ ಮೂಗು-ಕಿವಿಗಳು ಬೇರೆಬೇರೆ ಆಗಿರುವಷ್ಟೇ ಸಹಜ.

2010ರಲ್ಲಿ ‘ಸನ್‌ಲೈಟ್’ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಕೂಟ ಯುರೋಪಿಯನ್ ಮೂಲದ ಸುಮಾರು 30,000 ಜನರ ವಂಶವಾಹಿಗಳನ್ನು ಪರಿಶೀಲಿಸಿ, ವಿಟಮಿನ್ ಡಿ ಮಟ್ಟವನ್ನು ಪ್ರಭಾವಿಸುವ ಮುಖ್ಯ ತಾಣಗಳನ್ನು ಗುರುತಿಸಿತು. ಅವುಗಳ ಕೆಲಸವನ್ನು ನೋಡಿದರೆ ವಿಷಯ ತಾನಾಗಿ ತಿಳಿಯಾಗುತ್ತದೆ. ಡಿಎಚ್‌ಸಿಆರ್7 ಎಂಬ ಜೀನು, ಚರ್ಮದಲ್ಲಿನ ಕಚ್ಚಾವಸ್ತು ವಿಟಮಿನ್ ಡಿ ಆಗಬೇಕೋ ಕೊಲೆಸ್ಟೆರಾಲ್ ಆಗಬೇಕೋ ಎಂಬುದರಲ್ಲಿ ಕೈಯಾಡಿಸುತ್ತದೆ. ಸಿವೈಪಿ2ಆರ್1 ಯಕೃತ್ತಿನಲ್ಲಿ ಮೊದಲ ಮಾರ್ಪಾಡು ಮಾಡುವ ಕಿಣ್ವದ್ದು. ಜಿಸಿ ಎಂಬುದು ರಕ್ತದಲ್ಲಿ ವಿಟಮಿನ್ ಡಿಯನ್ನು ಹೊತ್ತೊಯ್ಯುವ ವಾಹಕ ಪ್ರೋಟೀನಿನದ್ದು. ಬಳಸಿದ ಮೇಲೆ ವಿಟಮಿನ್ ಡಿಯನ್ನು ಕರಗಿಸಿ ಕಳಿಸುವ ಕಿಣ್ವದ ಜೀನು ಸಿವೈಪಿ24ಎ1 ಕೂಡ ಈ ಪಟ್ಟಿಗೆ ಸೇರುತ್ತದೆ. 2020ರಲ್ಲಿ ಬ್ರಿಟನ್ನಿನ ಯುಕೆ ಬಯೋಬ್ಯಾಂಕಿನ 4 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿಂದ ಇಂಥ ತಾಣಗಳ ಸಂಖ್ಯೆ 143ಕ್ಕೆ ಏರಿತು. ಆದರೆ ಮೊದಲು ಹೇಳಿದ ನಾಲ್ಕು ಸೇರಿಯೂ ವ್ಯಕ್ತಿ-ವ್ಯಕ್ತಿಗಳ ನಡುವಿನ ವ್ಯತ್ಯಾಸದ ಕೆಲವೇ ಶೇಕಡಾ ಭಾಗವನ್ನು ವಿವರಿಸುತ್ತವೆ. ನಿಮ್ಮ ಮಕ್ಕಳ ವಿಷಯದಲ್ಲಿ, ಅಣ್ಣ ಮಧ್ಯಾಹ್ನದ ಬಿಡುವಿನಲ್ಲಿ ಮೈದಾನಕ್ಕೆ ಹೋಗುವವನೇ, ತಮ್ಮ ಒಳಗೇ ಕೂರುವವನೇ ಎಂಬುದನ್ನು ಮೊದಲು ಕೇಳಬೇಕು.

ವಿಡಿಆರ್ ಜೀನಿನಲ್ಲಿ ದೋಷವಿದ್ದರೆ ಅಸ್ತಮಾ ಬರುತ್ತದೆ ಎಂದು ಓದಿದೆ. ನಿಜವೇ?

‘ದೋಷ’ ಎಂಬ ಮಾತನ್ನು ಇಲ್ಲಿ ಬಳಸದಿರುವುದೇ ಒಳ್ಳೆಯದು. ವಿಡಿಆರ್ ಜೀನು ನಿಜವಾಗಿಯೂ ಕೆಟ್ಟರೆ ಬರುವುದು ಬಹಳ ಅಪರೂಪದ, ಬಾಲ್ಯದಲ್ಲೇ ಮೂಳೆ ಬಾಗುವ ಆನುವಂಶಿಕ ರಿಕೆಟ್ಸ್. ಆ ಮಕ್ಕಳಲ್ಲಿ ಕೆಲವರಿಗೆ ತಲೆಗೂದಲೂ ಇರುವುದಿಲ್ಲ. ಸಾಮಾನ್ಯ ಜನರಲ್ಲಿ ಕಾಣುವುದು 12ನೇ ವರ್ಣತಂತುವಿನಲ್ಲಿರುವ ಆ ಜೀನಿನ ಸಹಜ ಪ್ರಭೇದಗಳು. ಫೋಕ್‌ಐ, ಬಿಎಸ್‌ಎಂಐ, ಅಪಾಐ, ಟ್ಯಾಕ್‌ಐ ಎಂಬ ನಾಲ್ಕು ತಾಣಗಳು ಸಂಶೋಧನೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಇವುಗಳಲ್ಲಿ ಫೋಕ್‌ಐ ಮಾತ್ರ ಪ್ರೋಟೀನಿನ ಅಳತೆಯನ್ನು ಬದಲಿಸುತ್ತದೆ: ಒಂದು ಪ್ರಭೇದದಲ್ಲಿ 427 ಅಮೈನೊ ಆಮ್ಲಗಳು, ಇನ್ನೊಂದರಲ್ಲಿ 424. ಚಿಕ್ಕದು ಸ್ವಲ್ಪ ಹೆಚ್ಚು ಚುರುಕು.

2004ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕುಟುಂಬಗಳಲ್ಲೂ ಅಮೆರಿಕದ ಇನ್ನೊಂದು ಅಧ್ಯಯನದಲ್ಲೂ ವಿಡಿಆರ್ ಪ್ರಭೇದಗಳಿಗೂ ಅಸ್ತಮಾಗೂ ನಂಟು ಕಂಡಿತು. ಜರ್ಮನಿಯ ಕುಟುಂಬಗಳಲ್ಲಿ ಹುಡುಕಿದಾಗ ಅದು ಅಷ್ಟಾಗಿ ಸಿಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಒಂದು ದೇಶದಲ್ಲಿ ಅಪಾಯವೆಂದು ಕಂಡ ಪ್ರಭೇದ ಇನ್ನೊಂದರಲ್ಲಿ ನಿರಪಾಯವೆಂದು ಕಂಡದ್ದೂ ಉಂಟು. ಕೆಲವು ನೂರು ಜನರ ಸಣ್ಣ ಅಧ್ಯಯನಗಳಲ್ಲಿ ಇಂಥ ಏರುಪೇರು ಸಹಜ. ಅಸ್ತಮಾಕ್ಕಾಗಿಯೇ ಇಡೀ ವಂಶವಾಹಿ ಸಮೂಹವನ್ನು ಜಾಲಾಡಿದ ದೊಡ್ಡ ಅಧ್ಯಯನಗಳಲ್ಲಿ, ಉದಾಹರಣೆಗೆ 2010ರ ಗೇಬ್ರಿಯಲ್ ಅಧ್ಯಯನದಲ್ಲಿ, ಎದ್ದು ಕಂಡ ಹೆಸರುಗಳು 17ನೇ ವರ್ಣತಂತುವಿನ ಓಆರ್‌ಎಂಡಿಎಲ್3 ಪ್ರದೇಶ, ಐಎಲ್33, ಎಚ್‌ಎಲ್‌ಎ ಮುಂತಾದವು. ವಿಡಿಆರ್ ಅವುಗಳ ಸಾಲಿನಲ್ಲಿರಲಿಲ್ಲ.

ಎಂಜಲು ಕೊಟ್ಟು ಜೀನ್ ಟೆಸ್ಟ್ ಮಾಡಿಸಿದರೆ ಮಗುವಿಗೆ ಎಷ್ಟು ವಿಟಮಿನ್ ಡಿ ಕೊಡಬೇಕೆಂದು ತಿಳಿಯುತ್ತದೆಯೇ?

ಇಲ್ಲ. ಆ ಪರೀಕ್ಷೆ ಹೆಚ್ಚೆಂದರೆ ನಿಮ್ಮ ಮಗುವಿನ ಮಟ್ಟ ಸರಾಸರಿಗಿಂತ ತುಸು ಕೆಳಗಿರುವ ಸಂಭವವಿದೆ ಎಂದೀತು. ಮಟ್ಟ ಎಷ್ಟಿದೆ ಎಂಬುದನ್ನು ನೇರವಾಗಿ ಹೇಳುವ ರಕ್ತಪರೀಕ್ಷೆ ಇರುವಾಗ, ಅದಕ್ಕಿಂತ ದುಬಾರಿಯಾದ ಪರೋಕ್ಷ ಊಹೆಗೆ ಹಣ ಸುರಿಯುವುದು ಬೇಕಿಲ್ಲ. ಆರೋಗ್ಯವಂತ ವಯಸ್ಕರಲ್ಲಿ ರಕ್ತಪರೀಕ್ಷೆಯನ್ನೂ ವಾಡಿಕೆಯಾಗಿ ಮಾಡಿಸಬೇಕಾಗಿಲ್ಲವೆಂದು ಅಮೆರಿಕದ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಹೇಳಿದೆ.

## ಚಿಕಿತ್ಸೆಯ ಪ್ರಶ್ನೆಗಳು

60,000ದ ಪುಡಿ ವಾರಕ್ಕೊಂದು ತೆಗೆದುಕೊಂಡರೆ ಉಬ್ಬಸ ಕಡಿಮೆಯಾಗುತ್ತದೆಯೇ? ಇನ್‌ಹೇಲರ್ ಬಿಡಬಹುದೇ?

ಇನ್‌ಹೇಲರ್ ಬಿಡಬಾರದು. ಈ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇನ್‌ಹೇಲರ್ ಎಂದರೆ ಅಭ್ಯಾಸವಾಗಿಬಿಡುತ್ತದೆ ಎಂಬ ಭಯ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ, ‘ವಿಟಮಿನ್ನಿನಿಂದ ವಾಸಿಯಾಗುತ್ತದೆ’ ಎಂಬ ಮಾತು ಆ ಭಯಕ್ಕೆ ಸುಲಭವಾದ ದಾರಿ ತೆರೆಯುತ್ತದೆ. ನಿಯಮಿತವಾಗಿ ಸೇದುವ ಸ್ಟಿರಾಯ್ಡ್ ಇನ್‌ಹೇಲರ್ ಶ್ವಾಸನಾಳದ ಉರಿಯೂತವನ್ನು ತಗ್ಗಿಸಿ ಪ್ರಾಣಾಪಾಯದ ದಾಳಿಗಳನ್ನು ತಡೆಯುತ್ತದೆ.

ಪ್ರಯೋಗಗಳ ಕಥೆ ಹೀಗಿದೆ. ಅಮೆರಿಕದಲ್ಲಿ ಅಸ್ತಮಾ ಇದ್ದು ವಿಟಮಿನ್ ಡಿ ಕಡಿಮೆಯಿದ್ದ 408 ವಯಸ್ಕರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡಿ3 ಕೊಟ್ಟವರಿಗೂ ಹುಸಿಮಾತ್ರೆ ಕೊಟ್ಟವರಿಗೂ ಮುಖ್ಯ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಕೊಕ್ರೇನ್ ಸಂಸ್ಥೆ ಆಗ ಇದ್ದ ಕೆಲವೇ ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ತೀವ್ರ ದಾಳಿಗಳು ಕಡಿಮೆಯಾಗಬಹುದೆಂಬ ಆಸೆ ಮೂಡಿತು. 2020ರಲ್ಲಿ ಪ್ರಕಟವಾದ, ಅಸ್ತಮಾ ಇರುವ 192 ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 4,000 ಐಯು ಕೊಟ್ಟ ಇನ್ನೊಂದು ಅಮೆರಿಕನ್ ಪ್ರಯೋಗವನ್ನು, ಪ್ರಯೋಜನ ಕಾಣುವ ಲಕ್ಷಣವಿಲ್ಲವೆಂದು ಮೊದಲೇ ನಿಲ್ಲಿಸಬೇಕಾಯಿತು. 2023ರಲ್ಲಿ ಕೊಕ್ರೇನ್ 20 ಪ್ರಯೋಗಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಮೊದಲಿನ ಆಸೆ ಉಳಿಯಲಿಲ್ಲ.

60,000 ಐಯುವಿನ ಪುಡಿಯನ್ನು ವೈದ್ಯರು ಕೊರತೆ ತುಂಬಲೆಂದು ಸಾಮಾನ್ಯವಾಗಿ ವಾರಕ್ಕೊಂದರಂತೆ, ಇಷ್ಟು ವಾರ ಎಂದು ಗೊತ್ತುಮಾಡಿ ಬರೆಯುತ್ತಾರೆ. ಚೀಟಿಯಲ್ಲಿನ ‘ವಾರಕ್ಕೊಮ್ಮೆ’ಯನ್ನು ‘ದಿನಕ್ಕೊಮ್ಮೆ’ ಎಂದು ಓದಿಕೊಂಡು ಹಾಲಿಗೆ ಬೆರೆಸಿ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆಯಿಂದ ಶುರುವಾಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವವರೆಗೂ ಹೋಗಬಹುದು.

ನಾನು ಗರ್ಭಿಣಿ, ಮನೆಯವರಿಗೆ ಅಸ್ತಮಾ ಇದೆ. ಈಗಲೇ ವಿಟಮಿನ್ ಡಿ ಹೆಚ್ಚು ತೆಗೆದುಕೊಂಡರೆ ಮಗುವಿಗೆ ಬಾರದಂತೆ ತಡೆಯಬಹುದೇ?

ಈ ಪ್ರಶ್ನೆಯನ್ನೇ ಹಿಡಿದು ಎರಡು ದೊಡ್ಡ ಪ್ರಯೋಗಗಳು ನಡೆದಿವೆ. ಎರಡರ ಫಲಿತಾಂಶವೂ 2016ರಲ್ಲಿ ಹೊರಬಂತು. ಅಮೆರಿಕದ ಬಾಸ್ಟನ್, ಸೇಂಟ್ ಲೂಯಿಸ್, ಸ್ಯಾನ್ ಡಿಯಾಗೊಗಳಲ್ಲಿ, ತಾಯಿಗೋ ತಂದೆಗೋ ಅಸ್ತಮಾ ಅಥವಾ ಅಲರ್ಜಿ ಇದ್ದ ಗರ್ಭಿಣಿಯರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 4,400 ಐಯು, ಉಳಿದವರಿಗೆ 400 ಐಯು ಕೊಡಲಾಯಿತು. ಮೂರು ವರ್ಷದ ಹೊತ್ತಿಗೆ ಉಬ್ಬಸ ಅಥವಾ ಪದೇ ಪದೇ ಎದೆ ಗೊರಗುಟ್ಟುವುದು ಮೊದಲ ಗುಂಪಿನ ಶೇ. 24.3ರಷ್ಟು ಮಕ್ಕಳಲ್ಲೂ ಎರಡನೆಯದರ ಶೇ. 30.4ರಷ್ಟು ಮಕ್ಕಳಲ್ಲೂ ಕಂಡಿತು. ಅಂತರ ಕಣ್ಣಿಗೆ ಕಾಣುವಂತಿದ್ದರೂ, ಅದು ಆಕಸ್ಮಿಕವಲ್ಲ ಎಂದು ಹೇಳಲು ಬೇಕಾದ ಅಂಕಿಅಂಶದ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ದಾಟಲಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ಪ್ರಯೋಗದಲ್ಲಿ 2,400 ಐಯು ಹೆಚ್ಚುವರಿಯಾಗಿ ಪಡೆದವರ ಮಕ್ಕಳಲ್ಲೂ ಇದೇ ದಿಕ್ಕಿನ, ಇಷ್ಟೇ ಅನಿಶ್ಚಿತವಾದ ಫಲ ಬಂತು. ಅಮೆರಿಕದ ಮಕ್ಕಳಿಗೆ ಆರು ವರ್ಷ ತುಂಬಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ.

ಗರ್ಭಿಣಿಯರಿಗೆ ವಿಟಮಿನ್ ಡಿ ಸಾಕಷ್ಟು ಇರಬೇಕೆಂಬುದರಲ್ಲಿ ತಕರಾರಿಲ್ಲ. ಎಷ್ಟು ಬೇಕೆಂಬುದನ್ನು ನಿಮ್ಮ ಪ್ರಸೂತಿ ವೈದ್ಯರು ನಿರ್ಧರಿಸಲಿ. ಮನೆಯವರು ಸಿಗರೇಟು ಸೇದುವವರಾದರೆ ಅದನ್ನು ಬಿಡಿಸುವುದು ಹುಟ್ಟುವ ಮಗುವಿನ ಶ್ವಾಸಕೋಶಕ್ಕೆ ಖಚಿತವಾಗಿ ಒಳ್ಳೆಯದು.

ಮಗನಿಗೆ ಇಸುಬು. ಬಿಸಿಲಿಗೆ ಬಿಟ್ಟರೆ ಕಡಿಮೆಯಾಗುತ್ತದೆ. ಹಾಗಾದರೆ ವಿಟಮಿನ್ ಡಿಯಿಂದಲೂ ಆಗಬೇಕಲ್ಲವೇ?

ಅಗತ್ಯವಾಗಿ ಅಲ್ಲ, ಬಿಸಿಲು ವಿಟಮಿನ್ ಡಿಯಷ್ಟೇ ಅಲ್ಲ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ 195 ಶಿಶುಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆಲವು ಶಿಶುಗಳಿಗೆ ವಿಟಮಿನ್ ಡಿ ಹನಿ, ಉಳಿದವಕ್ಕೆ ಹುಸಿಹನಿ ಹಾಕಲಾಯಿತು. ಜೊತೆಗೆ ಮೈಮೇಲೆ ಬಿದ್ದ ಅತಿನೇರಳೆ ಬೆಳಕನ್ನು ಅಳೆಯುವ ಪುಟ್ಟ ಮಾಪಕವನ್ನು ಮಕ್ಕಳಿಗೆ ಕಟ್ಟಲಾಯಿತು. ಇಸುಬು ಬಂದ ಮಕ್ಕಳಿಗೆ ಮೊದಲ ಮೂರು ತಿಂಗಳಲ್ಲಿ ಬೆಳಕು ಕಡಿಮೆ ಬಿದ್ದಿತ್ತು. ಹನಿಯಿಂದ ಮಾತ್ರ ವ್ಯತ್ಯಾಸವಾಗಲಿಲ್ಲ.

ಇದಕ್ಕೆ ಎದುರಾದ ಸಾಕ್ಷಿಯೂ ಇದೆ. ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್‌ನಲ್ಲಿ ಚಳಿಗಾಲ ಬಂದೊಡನೆ ಇಸುಬು ಉಲ್ಬಣಿಸುತ್ತಿದ್ದ 107 ಮಕ್ಕಳಲ್ಲಿ, ಒಂದು ತಿಂಗಳು ದಿನಕ್ಕೆ 1,000 ಐಯು ಪಡೆದವರ ಚರ್ಮ ಹುಸಿಮಾತ್ರೆಯವರಿಗಿಂತ ಹೆಚ್ಚು ಸುಧಾರಿಸಿತು. ಅದು ಬಿಸಿಲಿನಲ್ಲಿ ಅತಿನೇರಳೆ-ಬಿ ಕಿರಣಗಳು ತೀರ ಕಡಿಮೆಯಿರುವ ಚಳಿಗಾಲ, ಕೊರತೆಯೂ ತೀವ್ರ. ನಮ್ಮ ಕರಾವಳಿಯ ಸೆಕೆಯಲ್ಲಿ, ಬೆವರಿಗೇ ತುರಿಕೆ ಹೆಚ್ಚುವ ಮಗುವಿಗೆ ಆ ಫಲಿತಾಂಶವನ್ನು ಹಾಗೆಯೇ ತಂದು ಹೊಂದಿಸಲಾಗದು. ಇಸುಬಿನಲ್ಲಿ ಚರ್ಮದ ತಡೆಗೋಡೆಯನ್ನು ಕಟ್ಟುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿಗೆ ದೊಡ್ಡ ಪಾತ್ರವಿದೆಯೆಂದು 2006ರಲ್ಲಿ ತಿಳಿದುಬಂತು. ಸ್ನಾನದ ನಂತರ ಚರ್ಮ ಒದ್ದೆಯಿರುವಾಗಲೇ ತೇವಕಾರಕ ಹಚ್ಚುವುದು ಆ ಗೋಡೆಗೆ ಕೊಡುವ ಆಸರೆ.

ಹೆಚ್ಚು ವಿಟಮಿನ್ ಡಿಯಿಂದಲೇ ಅಲರ್ಜಿ ಬರುತ್ತದೆ ಎನ್ನುವವರೂ ಇದ್ದಾರಲ್ಲ?

ಇದ್ದಾರೆ, ಮತ್ತು ಆ ವಾದ ಈಗಿನ ವಾದಕ್ಕಿಂತ ಹಳೆಯದು. ಶಿಶುಗಳಿಗೆ ರಿಕೆಟ್ಸ್ ತಡೆಯಲು ಕೊಡುವ ವಿಟಮಿನ್ ಡಿಯೇ ಅಲರ್ಜಿಗಳ ಏರಿಕೆಗೆ ಕಾರಣವಿರಬಹುದೆಂಬ ಊಹೆಯನ್ನು ಜರ್ಮನಿಯ ಸಂಶೋಧಕರು 1999ರಲ್ಲಿ ಮುಂದಿಟ್ಟರು. ಉತ್ತರ ಫಿನ್ಲೆಂಡಿನಲ್ಲಿ 1966ರಲ್ಲಿ ಹುಟ್ಟಿದವರನ್ನು 31ನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಶೈಶವದಲ್ಲಿ ನಿಯಮಿತವಾಗಿ ವಿಟಮಿನ್ ಡಿ ಪಡೆದವರಲ್ಲಿ ಅಲರ್ಜಿ ಹೆಚ್ಚು ಕಂಡಿತು. ಆ ಕಾಲದಲ್ಲಿ ಅಲ್ಲಿನ ಶಿಫಾರಸು ದಿನಕ್ಕೆ 2,000 ಐಯು, ಈಗ ಶಿಶುಗಳಿಗೆ ಹೇಳುವುದರ ಐದು ಪಟ್ಟು. ಕೊರತೆಯೇ ಅಸ್ತಮಾ ಹೆಚ್ಚಲು ಕಾರಣವೆಂಬ ವಾದ ಅಮೆರಿಕದಿಂದ ಬಂದದ್ದು 2007ರಲ್ಲಿ. ಎರಡು ವರ್ಷಗಳ ನಂತರ, 1958ರಲ್ಲಿ ಹುಟ್ಟಿದ ಬ್ರಿಟಿಷರ ಅಧ್ಯಯನದಲ್ಲಿ ಅಲರ್ಜಿಯ ಗುರುತಾದ ಐಜಿಇ, ವಿಟಮಿನ್ ಡಿ ತೀರ ಕಡಿಮೆಯಿದ್ದವರಲ್ಲೂ ತೀರ ಹೆಚ್ಚಿದ್ದವರಲ್ಲೂ ಏರಿದ್ದು ಕಂಡಿತು. ಎರಡೂ ಕೊನೆಗಳಿಂದ ದೂರವಿರಬೇಕೆಂಬುದಕ್ಕೆ ಇದನ್ನು ಸೂಚನೆಯೆಂದು ತಿಳಿಯಬಹುದು, ಸಾಬೀತೆಂದು ಅಲ್ಲ.

## ಇನ್ನಷ್ಟು ಆಳಕ್ಕೆ

ಕೊರತೆ ಕಾರಣವೋ ಬರೀ ಜೊತೆಗಾರನೋ ಎಂಬುದನ್ನು ವಂಶವಾಹಿಗಳಿಂದ ಹೇಗೆ ತಿಳಿಯುತ್ತಾರೆ?

ತಂದೆಯಿಂದ ಯಾವ ಪ್ರಭೇದ, ತಾಯಿಯಿಂದ ಯಾವುದು ಎಂಬುದು ಗರ್ಭ ನಿಲ್ಲುವ ಹೊತ್ತಿಗೇ ಚೀಟಿ ಎತ್ತಿದಂತೆ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಮಗು ಆಟವಾಡಿದರೂ ಮನೆಯಲ್ಲೇ ಕೂತರೂ, ಬಡವರ ಮನೆಯದಾದರೂ ಸಿರಿವಂತರ ಮನೆಯದಾದರೂ ಅದು ಬದಲಾಗದು. ಹುಟ್ಟಿನಿಂದಲೇ ವಿಟಮಿನ್ ಡಿಯನ್ನು ತುಸು ತಗ್ಗಿಸುವ ಪ್ರಭೇದಗಳನ್ನು ಹೊತ್ತವರಲ್ಲಿ ಅಲರ್ಜಿಯೂ ಹೆಚ್ಚಿದ್ದರೆ, ಕೊರತೆಯೇ ಕಾರಣವೆಂಬ ವಾದಕ್ಕೆ ಬಲ ಬರುತ್ತದೆ. ಇಲ್ಲವಾದರೆ ವಾದ ದುರ್ಬಲವಾಗುತ್ತದೆ. ಈ ವಿಧಾನಕ್ಕೆ ಮೆಂಡೇಲಿಯನ್ ರ್‍ಯಾಂಡಮೈಸೇಶನ್ ಎಂದು ಹೆಸರು.

2017ರಲ್ಲಿ ಪ್ರಕಟವಾದ ಇಂಥ ಅಧ್ಯಯನವೊಂದು ಮೇಲೆ ಹೇಳಿದ ನಾಲ್ಕು ಜೀನುಗಳ ಪ್ರಭೇದಗಳನ್ನು ಹಿಡಿದು ಅಸ್ತಮಾ, ಇಸುಬು, ಐಜಿಇ ಮೂರನ್ನೂ ಪರಿಶೀಲಿಸಿತು. ಕಾರಣಸಂಬಂಧಕ್ಕೆ ಸಾಕ್ಷಿ ಸಿಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಇಡೀ ಚರ್ಚೆಯಲ್ಲಿ ಅತ್ಯಂತ ತೂಕದ ಉತ್ತರ ಇದೇ. ಇದಕ್ಕೂ ಮಿತಿಗಳಿವೆ: ಈ ಪ್ರಭೇದಗಳು ತರುವ ಏರಿಳಿತ ಚಿಕ್ಕದು, ತೀವ್ರ ಕೊರತೆಯ ಪರಿಣಾಮವನ್ನು ಅದು ಹಿಡಿಯದಿರಬಹುದು, ಗರ್ಭದಲ್ಲಿರುವಾಗ ಮುಖ್ಯವಾಗುವುದು ಮಗುವಿನ ಜೀನಿಗಿಂತ ತಾಯಿಯ ಮಟ್ಟವೇ ಇರಬಹುದು.

ರಕ್ತದಲ್ಲಿನ ಒಂದೇ ಮಟ್ಟ ಇಬ್ಬರಲ್ಲಿ ಬೇರೆಬೇರೆ ಪರಿಣಾಮ ತೋರಬಹುದೇ?

ತೋರಬಹುದು. ರಕ್ತದಲ್ಲಿನ ವಿಟಮಿನ್ ಡಿಯ ಬಹುಪಾಲು ಜಿಸಿ ಜೀನಿನಿಂದ ಬರುವ ವಾಹಕ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿರುವ ಅತ್ಯಲ್ಪ ಭಾಗವೇ ಅನೇಕ ಕಣಗಳೊಳಗೆ ಹೋಗುವುದು, ಪರೀಕ್ಷೆ ಅಳೆಯುವುದು ಮಾತ್ರ ಒಟ್ಟು ಮೊತ್ತವನ್ನು. 2019ರಲ್ಲಿ ವರದಿಯಾದ ಅಪರೂಪದ ಪ್ರಕರಣವೊಂದರಲ್ಲಿ, ಹುಟ್ಟಿನಿಂದ ಈ ಜೀನೇ ಇಲ್ಲದ ಮಹಿಳೆಯೊಬ್ಬರ ರಕ್ತದಲ್ಲಿ, ಎಷ್ಟು ಮಾತ್ರೆ ಕೊಟ್ಟರೂ ವಿಟಮಿನ್ ಡಿ ಅಳತೆಗೇ ಸಿಗುತ್ತಿರಲಿಲ್ಲ. ಆದರೂ ಕ್ಯಾಲ್ಸಿಯಂ ಸಹಜವಾಗಿತ್ತು.

ಅಲರ್ಜಿಗೆ ಇದು ಹೇಗೆ ತಗಲುತ್ತದೆಂಬುದಕ್ಕೆ ಮೆಲ್ಬರ್ನಿನ ಹೆಲ್ತ್‌ನಟ್ಸ್ ಅಧ್ಯಯನ ಒಳ್ಳೆಯ ನಿದರ್ಶನ. 5,000ಕ್ಕೂ ಹೆಚ್ಚು ಶಿಶುಗಳನ್ನು ಒಂದು ವರ್ಷದ ಪ್ರಾಯದಲ್ಲಿ ಪರೀಕ್ಷಿಸಿದ ಆ ತಂಡ, ವಿಟಮಿನ್ ಡಿ ಕಡಿಮೆಯಿದ್ದವರಲ್ಲಿ ಶೇಂಗಾ ಮತ್ತು ಮೊಟ್ಟೆಯ ಅಲರ್ಜಿ ಹೆಚ್ಚೆಂದು 2013ರಲ್ಲಿ ವರದಿ ಮಾಡಿತು. ಗಮನಿಸಬೇಕಾದ್ದು, ಆ ನಂಟು ಕಂಡದ್ದು ಆಸ್ಟ್ರೇಲಿಯದಲ್ಲೇ ಹುಟ್ಟಿದ ತಂದೆತಾಯಿಯರ ಮಕ್ಕಳಲ್ಲಿ. ಹೊರದೇಶಗಳಲ್ಲಿ ಹುಟ್ಟಿದವರ ಮಕ್ಕಳಲ್ಲಿ ಕಾಣಲಿಲ್ಲ. ಮುಂದೆ ಅದೇ ತಂಡ ಜಿಸಿ ಜೀನಿನ ಒಂದು ತಾಣವನ್ನು ನೋಡಿದಾಗ, ವಾಹಕ ಪ್ರೋಟೀನು ಹೆಚ್ಚಿರುವ ಪ್ರಭೇದದ ಮಕ್ಕಳಲ್ಲಿ ಮಾತ್ರ ಕಡಿಮೆ ವಿಟಮಿನ್ ಡಿ ಅಪಾಯವಾಗಿ ಕಂಡಿತು. ವಾಹಕ ಕಡಿಮೆಯಿದ್ದವರಲ್ಲಿ ಬಿಡಿ ಭಾಗ ಹೆಚ್ಚಾಗಿ ಕೊರತೆಯನ್ನು ಸರಿದೂಗಿಸುತ್ತದೆಂದು ಅವರ ವಿವರಣೆ.

ಹಾಗಾದರೆ ಯಾರಿಗೆ ವಿಟಮಿನ್ ಡಿಯಿಂದ ಲಾಭವೆಂದು ಜೀನು ನೋಡಿ ಆರಿಸುವ ಕಾಲ ಬರುತ್ತದೆಯೇ?

ಆ ದಿಕ್ಕಿನಲ್ಲಿ ಕೆಲಸ ನಡೆದಿದೆ. ಗರ್ಭಿಣಿಯರ ಮೇಲಿನ ಅಮೆರಿಕನ್ ಪ್ರಯೋಗದ ಮಾಹಿತಿಯನ್ನು ಓಆರ್‌ಎಂಡಿಎಲ್3 ಪ್ರದೇಶದ ಪ್ರಭೇದಗಳ ಪ್ರಕಾರ ವಿಂಗಡಿಸಿ ಮತ್ತೆ ನೋಡಿದಾಗ, ಕೆಲವು ಪ್ರಭೇದದವರಲ್ಲಿ ಲಾಭ ಕಂಡು ಉಳಿದವರಲ್ಲಿ ಕಾಣಲಿಲ್ಲ. ಪ್ರಯೋಗ ಮುಗಿದ ಮೇಲೆ ಗುಂಪುಗಳನ್ನು ಒಡೆದು ನೋಡಿದಾಗ ಸಿಗುವ ಫಲಿತಾಂಶವನ್ನು, ಆ ಪ್ರಶ್ನೆಗಾಗಿಯೇ ರೂಪಿಸಿದ ಹೊಸ ಪ್ರಯೋಗದಲ್ಲಿ ಪರೀಕ್ಷಿಸುವವರೆಗೆ ಚಿಕಿತ್ಸೆಗೆ ಬಳಸಬಾರದು.

ಇವೆಲ್ಲ ಬಿಳಿಯರ ಮೇಲಿನ ಅಧ್ಯಯನಗಳು. ನಮಗೆ ಅನ್ವಯಿಸುತ್ತವೆಯೇ?

ಈ ಪ್ರಶ್ನೆ ನ್ಯಾಯವಾದದ್ದು. ಪ್ರಭೇದಗಳ ಹಂಚಿಕೆ ಒಂದು ಜನಸಮುದಾಯದಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆ. ಯುರೋಪಿನವರಿಗಾಗಿ ಕಟ್ಟಿದ ವಂಶವಾಹಿ ಲೆಕ್ಕಾಚಾರ ನಮ್ಮವರಲ್ಲಿ ಅಷ್ಟು ಸರಿಯಾಗಿ ಕೂಡುವುದಿಲ್ಲ. ಪಂಜಾಬಿ ಸಿಖ್ಖರಲ್ಲಿ ವಿಟಮಿನ್ ಡಿ ಮಟ್ಟದ ಬಗ್ಗೆ ಇಡೀ ವಂಶವಾಹಿ ಸಮೂಹದ ಹುಡುಕಾಟ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ವಂಶವಾಹಿ ಬರಹವನ್ನು ಓದಿದ್ದು, 2025ರ ಜನವರಿಯಲ್ಲಿ ಅದು ಸಂಶೋಧಕರಿಗೆ ತೆರೆದುಕೊಂಡಿತು. ನಮ್ಮಲ್ಲಿ ಯಾವ ಪ್ರಭೇದ ಎಷ್ಟು ಸಾಮಾನ್ಯವೆಂಬುದು ಅದರಿಂದ ತಿಳಿಯುತ್ತದೆ. ಅಲರ್ಜಿಯ ಪ್ರಶ್ನೆಗೆ ಅಷ್ಟೇ ಸಾಲದು. ಅದೇ ಜನರ ರಕ್ತದ ವಿಟಮಿನ್ ಡಿ, ಮೈಗೆ ಬಿದ್ದ ಬಿಸಿಲು, ಧೂಳಿನ ನುಸಿ ಮತ್ತು ಕಾಂಗ್ರೆಸ್ ಗಿಡದ ಪರಾಗದಂಥ ಅಲರ್ಜಿಕಾರಕಗಳಿಗೆ ಅವರ ದೇಹ ತೋರುವ ಪ್ರತಿಕ್ರಿಯೆ, ಇವನ್ನೂ ಮಗುವಾಗಿದ್ದಾಗಿನಿಂದ ವರ್ಷಗಟ್ಟಲೆ ಜೊತೆಜೊತೆಗೆ ದಾಖಲಿಸಬೇಕಾಗುತ್ತದೆ.